ಉಪ್ಪು ತಿಂದ ಕಬ್ಬಿಣ

ಜಿರ್ಯೆ ದ್ವೀಪ, 11 ಫೆಬ್ರವರಿ 1997

ಶ್ರೀ ದಿಂಕೊ ವಿದುಲಿಚ್ ಅವರಿಗೆ,

ನಿಮ್ಮಿಂದ ಕೊಂಡ ಎಂಜಿನ್ ಕಳೆದ ಶುಕ್ರವಾರ ಹಡಗಿನಲ್ಲಿ ಬಂದು ಸೇರಿತು. ಮರದ ಪೆಟ್ಟಿಗೆ ಗಟ್ಟಿಯಾಗಿತ್ತು, ಮೊಳೆಗಳು ಹೊಸವು. ಎಂಜಿನ್ನಿನ ಮೇಲೆ ಹೊಡೆದ ಹಸಿರು ಬಣ್ಣವೂ ಹೊಸದು. ಮೆಚ್ಚಿಕೊಳ್ಳಲು ನನಗೆ ಸಿಕ್ಕಿದ್ದು ಇಷ್ಟೇ.

ಹೊಗೆ ಹೊರಹೋಗುವ ಬೆಂಡ್ ಇದೆಯಲ್ಲ, ಎಂಜಿನ್ನಿನ ಹಿಂದೆ ಮೊಣಕೈಯಂತೆ ಬಾಗಿರುವುದು, ಅದರ ಮೇಲೆ ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದೆ. ಬಣ್ಣದ ಜೊತೆ ಕಬ್ಬಿಣವೂ ಪದರ ಪದರವಾಗಿ ಕಿತ್ತು ಬಂತು. ಅಂಗೈ ತುಂಬ ಕೆಂಪು ಪುಡಿ. ನೀವು ಪತ್ರಿಕೆಯಲ್ಲಿ ಹಾಕಿಸಿದ ಸಾಲು ನನ್ನ ಹತ್ತಿರ ಇದೆ: ‘ಮೂರು ಸಿಲಿಂಡರ್, ಕಳೆದ ಬೇಸಿಗೆಯವರೆಗೂ ಓಡಿದ್ದು, ಸಮುದ್ರಕ್ಕೆ ಸಿದ್ಧ.’

ನಾನು ಮೆಕ್ಯಾನಿಕ್ ಅಲ್ಲ, ಜೇನು ಸಾಕುವವಳು. ಆದರೆ ಕೊಳೆತದ್ದು ಯಾವುದು ಎಂದು ಹೇಳಲು ಮೆಕ್ಯಾನಿಕ್ಕೇ ಬೇಕಿಲ್ಲ. ಒಂದೇ ಪ್ರಶ್ನೆ: ಗೊತ್ತಿದ್ದೇ ಮಾರಿದಿರಾ? ನಿಮ್ಮ ಮನೆಯಲ್ಲಿ ಫೋನ್ ಇಲ್ಲವೆಂದು ಬರೆದಿದ್ದಿರಿ. ಉತ್ತರ ಪತ್ರದಲ್ಲೇ ಬರಲಿ.

ನೆವೆಂಕಾ ದೊಬ್ರಾ


ಮಾಲಿ ಲೊಶಿನ್, 19 ಫೆಬ್ರವರಿ 1997

ಶ್ರೀಮತಿ ದೊಬ್ರಾ ಅವರಿಗೆ,

ನಲವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ಕಳೆದವನು ನಾನು. ಹೊರಗಿನ ತುಕ್ಕು ನೋಡಿ ಯಾರೂ ಎಂಜಿನ್ನಿನ ಹಣೆಬರಹ ಹೇಳಲಾರರು. ಉಪ್ಪು ನೀರಿನಲ್ಲಿ ಕೆಲಸ ಮಾಡುವ ಕಬ್ಬಿಣಕ್ಕೆ ತುಕ್ಕು ಹಿಡಿಯದೆ ಇನ್ನೇನು ಹಿಡಿದೀತು?

ಒಳಗೆ ಹೇಗಿದೆ ಎಂಬುದು ಮುಖ್ಯ. ಆ ಬೆಂಡಿಗೆ ಎರಡು ಗೋಡೆ. ಒಳದಾರಿಯಲ್ಲಿ ಹೊಗೆ, ಎರಡು ಗೋಡೆಗಳ ನಡುವೆ ತಣ್ಣಗಿಡುವ ಸಮುದ್ರದ ನೀರು. ಒಳಗೋಡೆ ತೂತಾದರೆ ನೀರು ಹಿಂದಕ್ಕೆ ಹರಿದು ಸಿಲಿಂಡರಿಗೆ ಇಳಿಯುತ್ತದೆ. ಆಮೇಲೆ ಎಂಜಿನ್ನನ್ನು ಲಂಗರು ಮಾಡಿಕೊಳ್ಳಬೇಕಷ್ಟೇ. ಆದ್ದರಿಂದ ದಯವಿಟ್ಟು ಈಗಲೇ ಚಾಲೂ ಮಾಡಬೇಡಿ. ಮೊದಲು ಕೈಯಿಂದ ತಿರುಗಿಸಿ ನೋಡಿ. ಸರಾಗವಾಗಿ ತಿರುಗಿದರೆ ಇನ್ನೂ ಏನೂ ಕೆಟ್ಟಿಲ್ಲ. ಆಮೇಲೆ ಬೆಂಡ್ ಬಿಚ್ಚಿ, ನೀರಿನ ಜಾಗಕ್ಕೆ ಸೀಮೆಎಣ್ಣೆ ತುಂಬಿ, ನೀರು ಬಂದುಹೋಗುವ ಬಾಯಿಗಳಿಗೆ ಮರದ ಬೆಣೆ ಬಡಿದು ಒಂದು ಹಗಲು ಬಿಡಿ. ಹೊಗೆಯ ದಾರಿಯಲ್ಲಿ ಎಣ್ಣೆ ಜಿನುಗಿದರೆ ಬರೆಯಿರಿ.

ಬೋಲ್ಟುಗಳನ್ನು ಬಲವಂತದಿಂದ ತಿರುಗಿಸಬೇಡಿ. ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ.

ದಿಂಕೊ ವಿದುಲಿಚ್


ಜಿರ್ಯೆ, 2 ಮಾರ್ಚ್ 1997

ಶ್ರೀ ವಿದುಲಿಚ್ ಅವರಿಗೆ,

ಎಂಜಿನ್ ಕೈಯಲ್ಲಿ ತಿರುಗುತ್ತದೆ. ಬೆಂಡಿಗೆ ಸೀಮೆಎಣ್ಣೆ ತುಂಬಿದೆ. ಒಂದು ಹಗಲು ಬೇಕಾಗಲಿಲ್ಲ, ಅರ್ಧ ಗಂಟೆಯಲ್ಲಿ ಒಳದಾರಿಯ ಮೂರು ಕಡೆ ಜಿನುಗಿತು. ಒಂದು ತೂತಿನಲ್ಲಿ ಕಿರುಬೆರಳ ತುದಿ ಹೋಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು, ನನ್ನ ಪ್ರಶ್ನೆಗೆ ಇನ್ನೂ ಸಿಕ್ಕಿಲ್ಲ.

ಬೆಂಡನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಒಂದು ಮುರಿದೇ ಬಂದಿತ್ತು. ಮುರಿದ ಜಾಗ ಬೆಳ್ಳಿಯಂತೆ ಹೊಳೆಯುತ್ತಿದೆ. ತುಂಡು ಮ್ಯಾನಿಫೋಲ್ಡಿನಲ್ಲಿ, ಅಂದರೆ ಮೂರು ಸಿಲಿಂಡರುಗಳ ಹೊಗೆ ಒಂದಾಗುವ ಆ ಬೀಡುಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದೆ. ಇದನ್ನೂ ನೀವು ಹೇಳಿರಲಿಲ್ಲ.

ಇನ್ನೊಂದು ಮಾತು. ನಾನು ಶಾಲೆ ಕಲಿತವಳು. ಒಂದನೇ ತರಗತಿಯ ಮಗುವಿಗೆ ಬರೆಯುವಂತೆ ಅಷ್ಟು ದಪ್ಪ ಅಕ್ಷರದಲ್ಲಿ, ಪುಟಕ್ಕೆ ಎಂಟೇ ಸಾಲು ಬರೆಯುವ ಅಗತ್ಯವಿಲ್ಲ.

ನನ್ನ ಅವಸರ ನಿಮಗೆ ತಿಳಿದಿರಲಿ. ಮೇ ತಿಂಗಳ ನಡುವೆ ಕಾಕಾನ್ ದ್ವೀಪದ ಗುಡ್ಡವೆಲ್ಲ ಕಾದುಲ್ಯಾ ಹೂ ಬಿಟ್ಟು ನೇರಳೆಯಾಗುತ್ತದೆ. ಅಲ್ಲಿ ಯಾರೂ ವಾಸವಿಲ್ಲ, ಹೂವೆಲ್ಲ ಜೇನಿಗೇ. ಇಪ್ಪತ್ತೆಂಟು ಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸಬೇಕು. ಮೂರು ವರ್ಷದ ಹಿಂದೆ ನನ್ನ ಗಂಡ ಜ್ವೊನೆ ನಮ್ಮ ದೋಣಿ ತೆಗೆದುಕೊಂಡು ಸ್ಪ್ಲಿತ್ ಪಟ್ಟಣದ ಒಬ್ಬಳ ಜೊತೆ ಇರಲು ಹೋದ. ದೋಣಿ ಹೋಯಿತು, ಜೇನು ಉಳಿಯಿತು, ಅವನ ತಾಯಿಯೂ ನನ್ನ ಜೊತೆಯೇ ಉಳಿದರು. ಈ ಮೂರು ವರ್ಷ ಹುಳುಗಳಿಗೆ ಸಕ್ಕರೆ ನೀರು ಕುಡಿಸಿ ಜೀವ ಉಳಿಸಿದ್ದೇನೆ. ಕಳೆದ ವರ್ಷ ಒಂಬತ್ತು ಗೂಡು ಸತ್ತವು. ಈ ಸಲವೂ ಹೂ ಸಿಗದಿದ್ದರೆ ಮಾರಿಬಿಡುವುದೇ ದಾರಿ. ಮಾವನವರ ಹಳೆಯ ದೋಣಿ ಕೊಟ್ಟಿಗೆಯಲ್ಲಿ ಗಟ್ಟಿಯಾಗಿದೆ. ಅದಕ್ಕೆಂದೇ ನಿಮ್ಮ ಎಂಜಿನ್ ಕೊಂಡದ್ದು.

ಅತ್ತೆ ಪೆರಿನಾ ಹೀಗೆ ಬರೆಯಲು ಹೇಳಿದ್ದಾರೆ: “ಬಣ್ಣ ಹೊಡೆದು ಮಾರೋದಾದ್ರೆ ನನ್ನನ್ನೂ ಮಾರಬಹುದಿತ್ತಲ್ಲ ಅಂತ ಕೇಳು.”

ನೆವೆಂಕಾ ದೊಬ್ರಾ


ಮಾಲಿ ಲೊಶಿನ್, 10 ಮಾರ್ಚ್ 1997

ಶ್ರೀಮತಿ ನೆವೆಂಕಾ ಅವರಿಗೆ,

ಮೊದಲು ಬೋಲ್ಟಿನ ಮಾತು. ಹಳೆಯ ಮುರಿತ ಕಪ್ಪಗಿರುತ್ತದೆ. ಬೆಳ್ಳಿಯಂತೆ ಹೊಳೆಯುವುದು ನಿನ್ನೆ ಮೊನ್ನೆ ಮುರಿದದ್ದು. ನೀವು ಎರಡು ದಿನ ಕಾಯಲಿಲ್ಲ. ಇರಲಿ, ನನ್ನ ಕಾಲದಲ್ಲಿ ನಾನು ಮುರಿದ ಬೋಲ್ಟುಗಳನ್ನು ಗುಡ್ಡೆ ಹಾಕಿದರೆ ನಿಮ್ಮ ದೋಣಿ ಮುಳುಗೀತು.

ಬಿಡಿಸುವ ದಾರಿ ಇದೆ. ಮ್ಯಾನಿಫೋಲ್ಡನ್ನು ಎಂಜಿನ್ನಿನಿಂದ ಬಿಚ್ಚಿ ಶಿಬೆನಿಕ್‌ ಪಟ್ಟಣಕ್ಕೆ ಒಯ್ಯಿರಿ. ಹೊರಗೆ ಉಳಿದಿರುವ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಲಿ. ಪೂರ್ತಿ ತಣಿಯಲು ಬಿಡಲಿ. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವ ಕಡೆಗೆ. ಕಬ್ಬಿಣಕ್ಕೂ ಒಮ್ಮೆ ಅದರ ಮಾತೇ ನಡೆಯಿತೆನ್ನಿಸಬೇಕು.

ಬೋಲ್ಟ್ ಬಂದಮೇಲೆ ಮ್ಯಾನಿಫೋಲ್ಡನ್ನು ವಿನಿಗರಿನಲ್ಲಿ ನಾಲ್ಕು ದಿನ ಮುಳುಗಿಸಿಡಿ. ನೀರಿನ ದಾರಿಯಲ್ಲಿ ಕಟ್ಟಿದ ಉಪ್ಪು, ತುಕ್ಕು ಕರಗಿ ಬರುತ್ತದೆ. ಸೋಡಾ ನೀರಿನಲ್ಲಿ ತೊಳೆದು, ಸಿಹಿ ನೀರಿನಲ್ಲಿ ಮತ್ತೆ ತೊಳೆಯಿರಿ. ಬೆಂಡ್ ಕೂರುವ ಮುಖ ಸಮತಟ್ಟಾಗಿರಬೇಕು. ಕಿಟಕಿಯ ಗಾಜಿಗೆ ದೀಪದ ಮಸಿ ಹಿಡಿಸಿ ಆ ಮುಖದ ಮೇಲೆ ಉಜ್ಜಿ. ಮಸಿ ಅಂಟಿದಲ್ಲಿ ಉಬ್ಬು ಇದೆ, ಅರದಿಂದ ತೆಗೆಯಿರಿ.

ಹಳೆಯ ಬೆಂಡನ್ನು ತೇಪೆ ಹಾಕಿ ಉಳಿಸಬೇಡಿ. ಹೊಸದು ಮಾಡಿಸಿ, ತುಕ್ಕು ಹಿಡಿಯದ ಉಕ್ಕಿನ ದಪ್ಪ ಕೊಳವೆಯಲ್ಲಿ. ನಿಜ ಅಳತೆಯ ಚಿತ್ರ ಇದರೊಂದಿಗಿದೆ. ಕೊಳವೆ ಮೊದಲು ಒಂದು ಗೇಣು ಮೇಲೇರಿ ಆಮೇಲೆ ಇಳಿಯಬೇಕು. ನೀರು ಹೊಗೆಗೆ ಸೇರುವುದು ಇಳಿಜಾರಿನಲ್ಲಿ. ಏರಿನಲ್ಲಿ ಸೇರಿಸಿದರೆ ಅದೇ ಪಾಡು. ಇಂಥ ಬೆಂಡನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ.

ದಪ್ಪ ಅಕ್ಷರಕ್ಕೆ ಕ್ಷಮೆ ಇರಲಿ. ಅಭ್ಯಾಸ.

ದಿಂಕೊ ವಿದುಲಿಚ್


ಜಿರ್ಯೆ, 27 ಮಾರ್ಚ್ 1997

ಬಾರ್ಬಾ ದಿಂಕೊ,

ನಮ್ಮ ಕಡೆ ಹಿರಿಯರನ್ನು ಹೀಗೆಯೇ ಕರೆಯುವುದು, ಬೇಸರವಿಲ್ಲ ತಾನೇ. ಬೋಲ್ಟ್ ಮುರಿದದ್ದು ನಾನೇ. ಸ್ಪ್ಯಾನರಿಗೆ ಒಂದು ಮೊಳದ ಕೊಳವೆ ಸಿಕ್ಕಿಸಿ ನೇತುಬಿದ್ದೆ. ಟಣ್ ಎಂದಿತು. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅದನ್ನೂ ನಿಮ್ಮ ತಲೆಗೇ ಕಟ್ಟಿದೆ.

ಶಿಬೆನಿಕ್‌ನಲ್ಲಿ ಒಬ್ಬ ವೆಲ್ಡರ್ ಸಿಕ್ಕಿದ. ಬುಟ್ಟಿಯಲ್ಲಿದ್ದ ಮ್ಯಾನಿಫೋಲ್ಡ್ ನೋಡಿ ಸಿಗರೇಟು ಬಾಯಿಂದ ತೆಗೆಯದೆಯೇ ಹೇಳಿದ:

“ಇದನ್ನ ಹೊತ್ಕೊಂಡು ನೀನ್ಯಾಕಮ್ಮ ಬಂದೆ? ಗಂಡನ್ನ ಕಳಿಸು, ಅವನ ಹತ್ರ ಮಾತಾಡ್ತೀನಿ.”

“ಗಂಡ ಬರೋದಾಗಿದ್ರೆ ನನಗೆ ಎಂಜಿನ್ನೇ ಬೇಕಿರಲಿಲ್ಲ” ಎಂದೆ. “ಈ ಚಿತ್ರ ನೋಡಿ. ಹೀಗೇ ಬರಬೇಕು.”

ಚಿತ್ರವನ್ನು ಬೆಂಚಿನ ಮೇಲೆ ಹರಡಿದ. ಸಿಗರೇಟು ಆರಿಸಿದ.

“ಯಾರು ಬರೆದಿದ್ದು ಇದು?”

“ಲೊಶಿನ್‌ನಲ್ಲಿ ಒಬ್ಬರಿದ್ದಾರೆ.”

“ಅವರಿಗೆ ನನ್ನ ನಮಸ್ಕಾರ ಹೇಳು. ಈ ಕಾಲದಲ್ಲಿ ಹೀಗೆ ಬರೆಯೋರು ಯಾರಿದ್ದಾರೆ?” ಎಂದವನು ನನಗೊಂದು ಕುರ್ಚಿ ಎಳೆದು ಹಾಕಿದ. ಸಂಜೆ ಹಡಗಿನ ಹೊತ್ತಿಗೆ ಬೆಂಡ್ ಸಿದ್ಧವಾಗಿತ್ತು. ಮುರಿದ ಬೋಲ್ಟ್ ತಿರುಗಿಸುವ ಕೆಲಸ ಮಾತ್ರ ನಾನೇ ಮಾಡುತ್ತೇನೆಂದೆ. ಬಿಗಿಯುವ ಕಡೆಗೆ ಕೂದಲೆಳೆ, ಆಮೇಲೆ ಸಡಿಲಿಸುವ ಕಡೆಗೆ. ಬೆಣ್ಣೆಯಂತೆ ಬಂತು. ಅವನೂ ನಾನೂ ಇಬ್ಬರೂ ನಕ್ಕೆವು.

ವಿನಿಗರಿಗೆ ಅತ್ತೆಯ ಪೀಪಾಯಿಗೇ ಕೈ ಹಾಕಬೇಕಾಯಿತು. “ಎಂಟು ವರ್ಷದ ವಿನಿಗರ್ ಕಣೇ, ಮೀನಿಗೇ ಚಮಚ ಲೆಕ್ಕದಲ್ಲಿ ಹಾಕ್ತೀನಿ, ನೀನು ಕಬ್ಬಿಣಕ್ಕೆ ಸ್ನಾನ ಮಾಡಿಸ್ತೀಯಾ” ಎಂದು ಗೊಣಗಿದರು. ಆದರೆ ದಿನಾ ಬೆಳಗ್ಗೆ ಹೋಗಿ ಕಡ್ಡಿಯಿಂದ ಕೆದಕಿ ನೋಡುತ್ತಿದ್ದವರು ಅವರೇ. ನಾಲ್ಕನೆಯ ದಿನ ಒಂದು ಬೊಗಸೆ ಕೆಸರು ಇಳಿದಿತ್ತು. ಮಸಿ ಗಾಜಿನ ಕೆಲಸವೂ ಮುಗಿಯಿತು, ಎಡಮೂಲೆಯಲ್ಲಿ ಸ್ವಲ್ಪ ಉಬ್ಬಿತ್ತು.

ನನ್ನ ಸುಳ್ಳನ್ನು ಒಪ್ಪಿಕೊಂಡೆ. ಈಗ ನಿಮ್ಮ ಸರದಿ. ಎಂಜಿನ್ ನಿಜಕ್ಕೂ ಕಳೆದ ಬೇಸಿಗೆಯಲ್ಲಿ ಓಡಿತ್ತೇ? ಜಗಳಕ್ಕಲ್ಲ. ನಾಳೆ ಅದನ್ನು ನಂಬಿ ನಡುಸಮುದ್ರಕ್ಕೆ ಹೋಗುವವಳು ನಾನು. ನಿಜ ಗೊತ್ತಿರಬೇಕು.

ನೆವೆಂಕಾ


ಜಿರ್ಯೆ, 18 ಏಪ್ರಿಲ್ 1997

ಬಾರ್ಬಾ ದಿಂಕೊ,

ಮೂರು ವಾರವಾಯಿತು. ಉತ್ತರವಿಲ್ಲ.

ಎಂಜಿನ್ ದೋಣಿಯಲ್ಲಿ ಕೂತಿದೆ. ಬೆಂಡ್ ಕೂರಿಸಿಲ್ಲ. ಗ್ಯಾಸ್ಕೆಟ್ ಯಾವ ದಪ್ಪದ್ದು, ಬೋಲ್ಟ್ ಯಾವ ಕ್ರಮದಲ್ಲಿ ಬಿಗಿಯಬೇಕು ಎಂದು ನಿಮ್ಮನ್ನೇ ಕೇಳಬೇಕೆಂದಿದ್ದೆ. ಒಂದು ಪ್ರಶ್ನೆ ಕೇಳಿದ್ದಕ್ಕೆ ಹೀಗೆ ಮೌನವಾಗುವವರೆಂದು ಗೊತ್ತಿರಲಿಲ್ಲ.

ನಿಮಗೆ ಹೇಳದ ವಿಷಯ ಒಂದಿದೆ. ಜ್ವೊನೆ ಮಾರ್ಚ್‌ನಲ್ಲೇ ತಾಯಿಗೆ ಹೇಳಿ ಕಳಿಸಿದ್ದ. ನಾನು ಬಾಯಿಬಿಟ್ಟು ಕೇಳಿದರೆ ಮೇ ತಿಂಗಳಲ್ಲಿ ಬಂದು ತನ್ನ ದೋಣಿಯಲ್ಲಿ ಪೆಟ್ಟಿಗೆಗಳನ್ನು ಸಾಗಿಸಿಕೊಡುತ್ತಾನಂತೆ. ಕೇಳಬೇಕಂತೆ. ಅವನ ಮುಂದೆ ಕೈಚಾಚುವ ಬದಲು ಗೂಡುಗಳನ್ನು ಮಾರುತ್ತೇನೆ ಎಂದುಕೊಂಡಿದ್ದೆ. ನಿನ್ನೆ ಇನ್ನೂ ಎರಡು ಗೂಡು ಬಡವಾಗಿದ್ದು ಕಂಡೆ. ರಾಣಿಹುಳು ಇದೆ, ಮೊಟ್ಟೆ ಇಡುತ್ತಿಲ್ಲ. ಕಾದುಲ್ಯಾ ಮೊಗ್ಗು ಬಿಡತೊಡಗಿದೆ. ಇನ್ನೊಂದು ವಾರ ನೋಡಿ ಅವನಿಗೆ ಬರೆಯುತ್ತೇನೆ.

ನೆವೆಂಕಾ


ಮಾಲಿ ಲೊಶಿನ್, 23 ಏಪ್ರಿಲ್ 1997

ನೆವೆಂಕಾ ಮಗಳೇ,

ಅವನಿಗೆ ಬರೆಯಬೇಡ. ಮೊದಲು ಇದನ್ನು ಓದು.

ನಿನ್ನ ಮಾರ್ಚ್ ಕೊನೆಯ ಪತ್ರ ಸರಿಯಾಗಿಯೇ ಕೈ ಸೇರಿತು. ಓದಲಾಗಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದು ನಾಲ್ಕು ವರ್ಷವಾಯಿತು. ಇಷ್ಟು ದಿನ ಕಿಟಕಿಯ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಹೇಗೋ ಓದುತ್ತಿದ್ದೆ. ದಪ್ಪ ಅಕ್ಷರ ಬರೆದದ್ದು ನಿನಗಾಗಿ ಅಲ್ಲ, ನಾನು ಬರೆದದ್ದು ನನಗೆ ಕಾಣಲೆಂದು. ಏಪ್ರಿಲ್ ಹೊತ್ತಿಗೆ ಅದೂ ಹೋಯಿತು. ಇನ್ನೊಬ್ಬರಿಂದ ಓದಿಸಲು ನಾಚಿಕೆ. ಎರಡನೆಯ ಪತ್ರ ಬಂದಾಗ ಹೆದರಿಕೆಯಾಯಿತು. ಎರಡನ್ನೂ ಔಷಧಿ ಅಂಗಡಿಗೆ ಒಯ್ದೆ. ಅಲ್ಲಿಯ ಯಜಮಾನಿ ಗಟ್ಟಿಯಾಗಿ ಓದಿದಳು. ಕೆಮ್ಮಿನ ಔಷಧಿಗೆ ನಿಂತಿದ್ದ ಮೂವರಿಗೂ ನಾನೆಂಥವನೆಂದು ತಿಳಿಯಿತು. ಈಗ ಈ ಪತ್ರ ಬರೆಯುತ್ತಿರುವವಳೂ ಅವಳೇ, ನಾನು ಹೇಳುತ್ತಿದ್ದೇನೆ.

ಎಂಜಿನ್ ಕಳೆದ ಬೇಸಿಗೆಯಲ್ಲಿ ಓಡಿರಲಿಲ್ಲ. ಕೊನೆಗೆ ಓಡಿದ್ದು 1994ರ ಸೆಪ್ಟೆಂಬರಿನಲ್ಲಿ. ಅಂದು ಮಧ್ಯಾಹ್ನ ಬಂದರಿಗೆ ವಾಪಸ್ಸಾಗುವಾಗ ಕಟ್ಟೆ ಎಲ್ಲಿದೆಯೆಂದು ನನಗೆ ಕಾಣಲಿಲ್ಲ. ನೇರವಾಗಿ ಹೋಗಿ ಗುದ್ದಿದೆ. ಕಾಫಿ ಅಂಗಡಿಯ ಮುಂದೆ ಅರ್ಧ ಊರು ಕೂತಿತ್ತು. “ಬಾರ್ಬಾ, ದೋಣಿ ನಿಲ್ಸೋದಕ್ಕೆ ಗೋಡೆನೇ ಬೇಕಾ?” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದವನು ಮತ್ತೆ ದೋಣಿಯ ಹತ್ತಿರ ಹೋಗಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಎಂಜಿನ್ನಿನೊಳಗೆ ಉಪ್ಪು ನೀರು ಹಾಗೇ ನಿಂತಿತ್ತು. ನಲವತ್ತು ವರ್ಷಗಳ ಕಾಲ ಕಿರಿಯರಿಗೆ ‘ಮೊದಲು ನೀರು ಖಾಲಿ ಮಾಡಿ’ ಎಂದು ಬೈದವನು ನಾನು.

ಮಾರುವ ಮುಂಚೆ ಬೆಂಡನ್ನು ಸುತ್ತಿಗೆಯಿಂದ ಬಡಿದೆ. ಒಳ್ಳೆಯ ಬೀಡು ಗಂಟೆಯಂತೆ ನುಡಿಯುತ್ತದೆ. ಇದು ಒದ್ದೆ ಹಲಗೆಯಂತೆ ಸದ್ದು ಮಾಡಿತು. ಗೊತ್ತಾಯಿತು. ಮೇಲೆ ಬಣ್ಣ ಹೊಡೆದೆ. ಕಣ್ಣೆದುರಿನಿಂದ ಆ ಎಂಜಿನ್ ಹೋದರೆ ಸಾಕಾಗಿತ್ತು. ಕೊಳ್ಳುವವರ ಬಗ್ಗೆ ಯೋಚಿಸಲಿಲ್ಲ. ನಿನ್ನ ಮೊದಲ ಪತ್ರದ ಪ್ರಶ್ನೆಗೆ ಉತ್ತರ: ಹೌದು, ಗೊತ್ತಿದ್ದೇ ಮಾರಿದೆ.

ಬೇಡವೆಂದರೆ ಎಂಜಿನ್ ವಾಪಸ್ ಕಳಿಸು, ನಿನ್ನ ಹಣವೆಲ್ಲ ಹಿಂದಿರುಗುತ್ತದೆ. ಇಟ್ಟುಕೊಳ್ಳುವುದಾದರೆ: ಗ್ಯಾಸ್ಕೆಟ್ ಎರಡು ಮಿಲಿಮೀಟರ್. ಬೋಲ್ಟಿಗೆ ಗ್ರ್ಯಾಫೈಟ್ ಗ್ರೀಸ್ ಹಚ್ಚು. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ತಣಿದಮೇಲೆ ಮತ್ತೊಮ್ಮೆ ಬಿಗಿ. ಮೊದಲ ಚಾಲನೆಯಲ್ಲಿ ಕಣ್ಣು ದೋಣಿಯ ಹಿಂಭಾಗದ ಮೇಲಿರಲಿ. ಹೊಗೆಯ ಜೊತೆ ನೀರು ಉಗುಳಬೇಕು. ಉಗುಳದಿದ್ದರೆ ತಕ್ಷಣ ಆರಿಸು.

ಎಂಜಿನ್ನಿನ ಒಡಲು ಗಟ್ಟಿ ಇದೆ. ಇದು ಸುಳ್ಳಲ್ಲ.

ದಿಂಕೊ


ಜಿರ್ಯೆ, 30 ಏಪ್ರಿಲ್ 1997

ಬಾರ್ಬಾ ದಿಂಕೊ, ಮತ್ತು ಇದನ್ನು ಓದುತ್ತಿರುವ ಅಂಗಡಿಯ ಯಜಮಾನಿಯವರೇ,

ಎಂಜಿನ್ ವಾಪಸ್ ಕಳಿಸುವುದಿಲ್ಲ. ನಿಮ್ಮ ಪತ್ರ ಓದಿ ಸಿಟ್ಟು ಬಂತು, ಇಡೀ ಬೆಳಗ್ಗೆ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಸಮುದ್ರದಲ್ಲಿ ನಾನು ಸಾಯಬಹುದಿತ್ತು. ಆದರೆ ಚಾಲೂ ಮಾಡಬೇಡಿ ಎಂದು ಮೊದಲ ಪತ್ರದಲ್ಲೇ ತಡೆದವರೂ ನೀವೇ. ಮಧ್ಯಾಹ್ನ ಬೆಂಡ್ ಕೂರಿಸಲು ಹೋದೆ.

ನಿನ್ನೆ ಚಾಲೂ ಮಾಡಿದೆವು. ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಕಪ್ಪು ಹೊಗೆ. ಮೂರನೆಯ ಸಲಕ್ಕೆ ಹಿಡಿಯಿತು. ಅತ್ತೆ ಕಟ್ಟೆಯ ಮೇಲೆ ಬಗ್ಗಿ ನಿಂತು ಹಿಂಭಾಗ ನೋಡುತ್ತಿದ್ದರು. “ಉಗುಳ್ತಾ ಇದೆ ಕಣೇ, ಚೆನ್ನಾಗಿ ಉಗುಳ್ತಾ ಇದೆ” ಎಂದು ಕೂಗಿದರು. ತಣಿದಮೇಲೆ ಮತ್ತೆ ಬಿಗಿದೆ, ಒಂದು ಬೋಲ್ಟ್ ಕಾಲು ಸುತ್ತು ತೆಗೆದುಕೊಂಡಿತು. ಜ್ವೊನೆಗೆ ಪತ್ರ ಬರೆಯಲಿಲ್ಲ.

ಈಗ ನಿಮ್ಮ ಕಣ್ಣು. ರಿಯೆಕಾ ಆಸ್ಪತ್ರೆ ನಿಮಗೆ ಅರ್ಧ ದಿನದ ದಾರಿ. ನಾಲ್ಕು ವರ್ಷ ಯಾಕೆ ಹೋಗಲಿಲ್ಲ? ಅತ್ತೆಗೆ ಇದೇ ಪೊರೆ ತೆಗೆಸಿದ್ದೇವೆ. ಅವರ ಮಾತು ಹಾಗೇ ಬರೆಯುತ್ತೇನೆ: “ಕಣ್ಣು ಕೀಳಲ್ಲ, ಪೊರೆ ತೆಗೀತಾರೆ ಅಷ್ಟೇ ಅಂತ ಬರಿ. ಮಾರನೇ ದಿನವೇ ನನಗೆ ಸೊಸೆ ಮುಖದ ಸುಕ್ಕೆಲ್ಲ ಕಂಡಿತು ಅನ್ನು. ಗಂಡಸರು ಹೆದರೋದು ಸೂಜಿಗೆ, ಹೆಸರು ಹೇಳೋದು ಕೆಲಸದ್ದು.”

ಒಣ ಅಂಜೂರ ಕಳಿಸಿದ್ದೇವೆ. ಒಂದು ಕಟ್ಟು ಯಜಮಾನಿಯವರಿಗೆ.

ನೆವೆಂಕಾ


ರಿಯೆಕಾ, 16 ಮೇ 1997

ನೆವೆಂಕಾ,

ಇದು ನನ್ನದೇ ಕೈಬರಹ. ಈ ಪುಟದಲ್ಲಿ ಎಷ್ಟು ಸಾಲಿದೆ ನೋಡು.

ನಿನ್ನ ಅತ್ತೆ ಹೇಳಿದ್ದು ಸರಿ. ಹೆದರಿದ್ದೆ. ಕಾಣುವ ಸ್ವಲ್ಪವೂ ಹೋದರೆ ಎಂದು. ಬಲಗಣ್ಣು ಮೊನ್ನೆ ಆಯಿತು, ಎಡದ್ದು ಶರತ್ಕಾಲದಲ್ಲಿ. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಕಿಟಕಿಯಾಚೆ ಬಂದರಿನ ಕ್ರೇನ್. ಅದರ ಹಗ್ಗಗಳನ್ನು ಎಣಿಸಿದೆ. ನರ್ಸ್ ಕೇಳಿದಳು, “ಯಾಕೆ ತಾತಾ ಅಳ್ತೀರಾ, ನೋಯ್ತಿದೆಯಾ?” “ಇಲ್ಲಮ್ಮ, ಎಂಟು ಹಗ್ಗ ಇದೆ” ಎಂದೆ. ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಸಮುದ್ರ ಶಾಂತವಾಗಿದ್ದರೆ ಕಾಯಬೇಡ, ಹೋಗು. ನಾನು ಇಲ್ಲಿಂದ ಹೇಳಿಕೊಡಬಹುದಾದದ್ದು ಮುಗಿದಿದೆ.

ದಿಂಕೊ


ಕಾಕಾನ್, 21 ಮೇ 1997

ಬಾರ್ಬಾ ದಿಂಕೊ,

ಜೇನುಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ. ಈಗ ನಿಮಗೆ ಕಣ್ಣಿದೆ.

ಬೆಳಕು ಹರಿಯುತ್ತಲೇ ಹದಿನಾಲ್ಕು ಪೆಟ್ಟಿಗೆ ಹೇರಿಕೊಂಡು ಹೊರಟೆವು. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ದೋಣಿ ಹತ್ತಿ ಮೂರು ವರ್ಷವಾಗಿತ್ತು. ಅರ್ಧ ದಾರಿಯಲ್ಲಿ ಎಂಜಿನ್ನಿನ ಸದ್ದು ಬದಲಾಯಿತು, ಒಣಗಿದ ಗಂಟಲಿನಂತೆ. ಹಿಂದೆ ತಿರುಗಿ ನೋಡಿದೆ. ಹೊಗೆ ಬರುತ್ತಿತ್ತು, ನೀರು ಇರಲಿಲ್ಲ. ಆರಿಸಿದೆ.

ದಡ ಎರಡೂ ಕಡೆ ದೂರ. ಬಿಸಿಲು ಏರುತ್ತಿತ್ತು, ಬಾಗಿಲು ಮುಚ್ಚಿದ ಗೂಡುಗಳೊಳಗೆ ಹುಳುಗಳ ಮೊರೆತ ಜೋರಾಗುತ್ತಿತ್ತು. ಹೆಚ್ಚು ಹೊತ್ತಾದರೆ ಒಳಗೇ ಬೆಂದುಹೋಗುತ್ತವೆ.

ಬೆಂಡ್ ಮುಟ್ಟಿದೆ, ಬಿಸಿ, ಆದರೆ ಎಲ್ಲೂ ಸೋರಿಲ್ಲ. ಗ್ಯಾಸ್ಕೆಟ್ ಒದ್ದೆಯಾಗಿಲ್ಲ. ಹಾಗಾದರೆ ಹೊರಹೋಗುವ ದಾರಿ ಸರಿ, ಒಳಬರುವ ದಾರಿ ಕಟ್ಟಿದೆ ಎಂದುಕೊಂಡೆ. ಕೆಳಗಿನ ಕವಾಟ ಮುಚ್ಚಿ, ನೀರು ಸೋಸುವ ಜಾಲರಿ ಬಿಚ್ಚಿದೆ. ಸಮುದ್ರದ ಹುಲ್ಲು ಜಡೆಯಂತೆ ಸುತ್ತಿಕೊಂಡಿತ್ತು. ಕಿತ್ತು ಎಸೆದೆ, ಕೂರಿಸಿದೆ, ಕವಾಟ ತೆರೆದು ಚಾಲೂ ಮಾಡಿದೆ. ಹತ್ತು ಎಣಿಸುವಷ್ಟರಲ್ಲಿ ಉಗುಳಿತು. ಇದನ್ನು ನೀವು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಹೇಗೆ ತಿಳಿಯಿತೋ ನನಗೂ ಗೊತ್ತಿಲ್ಲ.

ಇಲ್ಲಿ ಗುಡ್ಡವೆಲ್ಲ ಹೂ. ಬಾಗಿಲು ತೆರೆದದ್ದೇ ತಡ, ಹುಳುಗಳು ಒಂದು ಸುತ್ತು ಹಾಕಿ ಗೂಡಿನ ಗುರುತು ಹಿಡಿದುಕೊಂಡು ಹೊರಟೇಬಿಟ್ಟವು. ಬಡವಾಗಿದ್ದ ಆ ಎರಡು ಗೂಡುಗಳಿಂದಲೂ ಹೋದವು. ಜೂನ್ ಕೊನೆಗೆ ಜೇನು ತೆಗೆಯುತ್ತೇವೆ. ಆಗ ಬನ್ನಿ. ಶಿಬೆನಿಕ್‌ವರೆಗೆ ಹಡಗಿನಲ್ಲಿ ಬಂದರೆ ಅಲ್ಲಿಂದ ನಾನೇ ಕರೆದುಕೊಂಡು ಬರುತ್ತೇನೆ.

ಇನ್ನು ಹದಿನಾಲ್ಕು ಪೆಟ್ಟಿಗೆ ಜಿರ್ಯೆಯಲ್ಲೇ ಇವೆ, ತಂಪಿನ ನೆಲಮಾಳಿಗೆಯಲ್ಲಿ. ಈಗಲೇ ಹೋಗಿ ತರಬೇಕು. ಅತ್ತೆಗೆ ದೋಣಿ ಹತ್ತಿ ಎಂದೆ. ಇಲ್ಲೇ ಪೊದೆಯ ನೆರಳಿನಲ್ಲಿ ಕೂತಿರುತ್ತಾರಂತೆ. ಈ ದ್ವೀಪದಲ್ಲಿ ಮನೆಯಿಲ್ಲ, ಬಾವಿಯಿಲ್ಲ, ಕೂಗಿದರೆ ಕೇಳುವವರಿಲ್ಲ. ಕೈಯಲ್ಲಿ ಒಂದು ಬಾಟಲಿ ನೀರು, ಒಂದು ತುಂಡು ರೊಟ್ಟಿ. “ನಾನ್ಯಾಕೆ ಸುಮ್ನೆ ಹೋಗಿ ಬರಲಿ? ನೀನು ಹೋಗ್ಬಾ” ಎಂದರು. “ಬರ್ತೀಯಲ್ಲ.”

ಕೇಳಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು.

ಹೊರಡುತ್ತೇನೆ.

ನೆವೆಂಕಾ